ಕೆಂಪು ಗೀಟು ದಾಟಿದ ಮುಳ್ಳು

ಹೋದ ತಿಂಗಳು ಒಬ್ಬ ಹೆಣ್ಣುಮಗಳು ನಮ್ಮ ಮನೆಗೆ ಬಂದಿದ್ದಳು. ಊರೂರು ತಿರುಗಿ ಹೆಂಗಸರ ಹಾಡುಗಳನ್ನು ರೆಕಾರ್ಡ್ ಮಾಡುವುದು ಅವಳ ಕೆಲಸ. ನಾನು ಒಂದು ಕಾಲಕ್ಕೆ ರಾಯಚೂರಿನಲ್ಲಿ ಕ್ಯಾಸೆಟ್ ರೆಕಾರ್ಡಿಂಗ್ ಅಂಗಡಿ ಇಟ್ಟಿದ್ದೆ ಎಂದು ಯಾರೋ ಹೇಳಿ ಕಳಿಸಿದ್ದರಂತೆ. ಅಂಗೈಯಷ್ಟು ಅಗಲದ ಯಂತ್ರವನ್ನು ಮುಂದಿಟ್ಟು, ಹದಿನಾರು ಬಿಟ್‌ನಲ್ಲಿ ಹಿಡಿಯಲೋ ಇಪ್ಪತ್ನಾಲ್ಕರಲ್ಲೋ ಎಂದು ಕೇಳಿದಳು. ಹದಿನಾರಾದರೆ ಕಾರ್ಡಿನಲ್ಲಿ ಜಾಗ ಉಳಿಯುತ್ತದೆ, ಕೇಳುವವರಿಗೆ ಹೇಗೂ ವ್ಯತ್ಯಾಸ ತಿಳಿಯುವುದಿಲ್ಲ ಎಂಬುದು ಅವಳ ಲೆಕ್ಕ. "ಇಪ್ಪತ್ನಾಲ್ಕು" ಎಂದೆ. ಬೇಕಿದ್ದಕ್ಕಿಂತ ಜೋರಾಗಿಯೇ ಅಂದಿರಬೇಕು, ಅವಳು ಚಹಾದ ಕಪ್ಪು ಕೆಳಗಿಟ್ಟಳು.

ವಿಷಯ ಸರಳವಾದದ್ದು. ಬಿಟ್ ಹೆಚ್ಚಾದಷ್ಟೂ ತೀರ ಮೆಲ್ಲನೆಯ ದನಿಯೂ ಯಂತ್ರದ ಗೊರಗೊರ ಸದ್ದಿನಲ್ಲಿ ಮುಳುಗದೆ ನಿಲ್ಲುತ್ತದೆ. ಹಾಗಾಗಿ ಲೆವೆಲ್, ಅಂದರೆ ದನಿ ಹಿಡಿಯುವ ಮಟ್ಟ, ತಗ್ಗಿಸಿ, ಮೇಲೆ ಧಾರಾಳವಾಗಿ ಜಾಗ ಬಿಟ್ಟು ಹಿಡಿಯಬಹುದು. ಮಿಕ್ಸಿಂಗ್ ಮಾಡುವಾಗ ಎತ್ತಿಕೊಂಡರಾಯಿತು. ಎಲ್ಲ ಮುಗಿದ ಮೇಲೆ ಜನರ ಕೈಗೆ ಕೊಡಲು ಹದಿನಾರಕ್ಕೆ ಇಳಿಸಿದರೂ ನಡೆಯುತ್ತದೆ. ಆದರೆ ಹಿಡಿಯುವಾಗಲೇ ಮೇಲಿನ ಮಿತಿಗೆ ಬಡಿದು ಒಡೆದ ದನಿಯನ್ನು ಎಷ್ಟು ಬಿಟ್ ಇದ್ದರೂ ಮರಳಿ ತರಲಾಗುವುದಿಲ್ಲ. ಇಷ್ಟನ್ನೂ ಅವಳಿಗೆ ಹೇಳಿದೆ. ಇದನ್ನು ಎಲ್ಲಿ ಕಲಿತಿರಿ ಎಂದು ಕೇಳಿದಳು. ಅನುಭವ ಎಂದು ಹಾರಿಸಿದೆ. ಎಂಥ ಅನುಭವ ಎಂದು ಬರೆದಿಡುವ ಧೈರ್ಯ ಈಗ ಬಂದಿದೆ, ಅದೂ ಕೇಳಬೇಕಾದವರೆಲ್ಲ ಹೋದ ಮೇಲೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಬಸ್ ಸ್ಟ್ಯಾಂಡಿನ ಹತ್ತಿರ ನನ್ನ ಅಂಗಡಿ. ಸಿನಿಮಾ ಹಾಡುಗಳ ಚೀಟಿ ಬರೆದುಕೊಟ್ಟರೆ ದೊಡ್ಡ ರೆಕಾರ್ಡುಗಳಿಂದ ಕ್ಯಾಸೆಟ್ಟಿಗೆ ಇಳಿಸಿ ಕೊಡುತ್ತಿದ್ದೆ. ಯಂತ್ರದ ಮೇಲೆ ಎರಡು ಸಣ್ಣ ಗಾಜಿನ ಕಿಟಕಿ, ಒಂದೊಂದರಲ್ಲಿ ಒಂದು ಮುಳ್ಳು. ದನಿ ಹೆಚ್ಚಾದರೆ ಮುಳ್ಳು ಬಲಕ್ಕೆ ವಾಲುತ್ತದೆ. ಕೆಂಪು ಗೀಟಿನ ಆಚೆ ಹೋಯಿತೆಂದರೆ ದನಿ ಒಡೆಯುತ್ತಿದೆ ಎಂದು ಅರ್ಥ. ತೀರ ತಗ್ಗಿಸಿದರೂ ಕಷ್ಟ, ಟೇಪಿನದೇ ಒಂದು ಸುಸ್ಸೆನ್ನುವ ಸದ್ದು ಹಾಡಿನ ಮೇಲೆ ಕೂತುಬಿಡುತ್ತದೆ. ಎರಡರ ನಡುವೆ ಮುಳ್ಳನ್ನು ಇಡುವುದೇ ಈ ಕಸುಬಿನ ಮರ್ಯಾದೆ. ಆ ಮರ್ಯಾದೆಯನ್ನು ನಾನು ಲಾರಿಯವರಿಗೆ ಮಾರಿಕೊಂಡಿದ್ದೆ. ಎಂಜಿನ್ ಸಪ್ಪಳದ ಮೇಲೆ ಹಾಡು ಕೇಳಬೇಕು ಎನ್ನುವುದೊಂದೇ ಅವರ ಬೇಡಿಕೆ. ಅದಕ್ಕೇ ನನ್ನ ಅಂಗಡಿಯಲ್ಲಿ ಮುಳ್ಳು ಸದಾ ಕೆಂಪಿನಲ್ಲೇ ಬಿದ್ದಿರುತ್ತಿತ್ತು. ಲಿಂಗಸುಗೂರು ಕಡೆಯ ಡ್ರೈವರುಗಳೂ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ನನಗೋ ಕೊಂಬು ಮೂಡಿತ್ತು.

ದನಿ ಒಡೆದಿದೆ ಎಂದು ಯಾರಾದರೂ ತಂದು ತೋರಿಸಿದರೆ ಅವರಿಗೆ ಹೇಳಲು ಒಂದು ಸುಳ್ಳು ತಯಾರಿತ್ತು: ಹೊಸ ಟೇಪು, ನಾಲ್ಕು ಸಲ ಓಡಿದರೆ ಸಾಫಾಗುತ್ತದೆ. ನಾಲ್ಕನೆಯ ಸಲಕ್ಕೆ ಅವರ ಕಿವಿಯೇ ಒಗ್ಗಿಹೋಗುತ್ತಿತ್ತು, ಯಾರೂ ತಿರುಗಿ ಬರುತ್ತಿರಲಿಲ್ಲ.

ಪಕ್ಕದ ಅಂಗಡಿಯ ಟೇಲರ್ ಚಾಚಾ ಒಬ್ಬರೇ ಮೂಗು ಮುರಿಯುತ್ತಿದ್ದವರು. ಅವರು ಮನೆಯಲ್ಲಿ ದಖನಿ ಉರ್ದು, ನನ್ನ ಜೊತೆ ಕನ್ನಡ. ಕವ್ವಾಲಿ ಕೇಳಿ ಹದಗೊಂಡ ಕಿವಿ. ಒಂದು ದಿನ ಹೊಲಿಯುತ್ತಿದ್ದ ಅಂಗಿಯನ್ನು ಒಳಮಗ್ಗಲು ಮಾಡಿ ನನ್ನ ಮುಂದೆ ಹಿಡಿದರು. "ನೋಡು, ಒಳಗ ಎರಡು ಬೆರಳು ಬಟ್ಟಿ ಬಿಟ್ಟೀನಿ. ಮುಂದ ಮೈ ಬಂದ್ರ ಬಿಚ್ಚಾಕ ಬರ್ತದ. ನೀ ಏನೂ ಬಿಡಂಗಿಲ್ಲ, ಎಲ್ಲಾ ಕತ್ತರಿಸಿ ಒಗಿತಿ." ನಾನು ನಕ್ಕುಬಿಟ್ಟೆ.

ದೇವದುರ್ಗದಲ್ಲಿ ನನ್ನ ಚಿಗವ್ವ ಇದ್ದಳು, ತಾಯಿಯ ತಂಗಿ. ತತ್ವಪದ ಹಾಡುತ್ತಿದ್ದಳು. ಮಾತಾಡಿದಂತೆ ತಗ್ಗಿನಲ್ಲಿ ಶುರುಮಾಡಿ, ಪಲ್ಲವಿಗೆ ಬಂದಾಗ ಒಮ್ಮೆಲೇ ಮೇಲಕ್ಕೆ ಏರುವುದು ಅವಳ ರೀತಿ. ಆ ಏರಿಗೆ ಕೂತವರ ಮೈ ಜುಮ್ಮೆನ್ನುತ್ತಿತ್ತು. ಆ ವರ್ಷ ಅವಳ ಕುತ್ತಿಗೆಯಲ್ಲಿ ಗಡ್ಡೆ ಬೆಳೆದು ಉಸಿರಿಗೆ ತೊಂದರೆಯಾಗತೊಡಗಿತು. ಹೈದರಾಬಾದಿನಲ್ಲಿ ತೆಗೆಸಬೇಕು, ಆಮೇಲೆ ದನಿ ಮೊದಲಿನಂತೆ ಉಳಿಯುತ್ತದೆಂದು ಹೇಳಲಾಗದು ಎಂದು ಡಾಕ್ಟರು ಮೊದಲೇ ತಿಳಿಸಿದ್ದರು. ಆಪರೇಷನ್ನಿಗೆ ವಾರ ಇರುವಾಗ ಚಿಗವ್ವ ಬೆಳಗಿನ ಬಸ್ಸು ಹಿಡಿದು, ಏಕತಾರಿಯನ್ನು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ನೇರ ನನ್ನ ಅಂಗಡಿಗೆ ಬಂದಳು.

"ಹಿಡಿದಿಡೋ ತಮ್ಮಾ," ಎಂದಳು. "ನಾಳೆ ನಾ ಹಾಡ್ತಿದ್ದೆ ಅಂದ್ರ ಯಾರು ನಂಬ್ತಾರ?"

ಶಟರ್ ಅರ್ಧ ಎಳೆದು, ಮೈಕು ಅವಳ ಮುಂದಿಟ್ಟೆ. ಲೆವೆಲ್ ನೋಡಲು ಒಂದಿಷ್ಟು ಹಾಡು ಎಂದೆ. ತತ್ವಪದ ಹಾಡುವವರಲ್ಲಿ ಯಾವ ಪದಕ್ಕೂ ಮೊದಲು ಗುರುವಿಗೆ ಶರಣು ಹೇಳಬೇಕು, ಅದನ್ನು ತಲೆ ಬಗ್ಗಿಸಿ ತನಗಷ್ಟೇ ಕೇಳುವಂತೆ ಹೇಳಬೇಕು. ಅವಳು ಅಷ್ಟು ಹೇಳಿದಳು. ನಾನು ಆ ಪಿಸುದನಿಗೇ ಮುಳ್ಳು ಕೆಂಪು ಗೀಟಿನವರೆಗೆ ಬರುವಷ್ಟು ಗುಂಡಿ ತಿರುಗಿಸಿ, ಲಾರಿಯವರ ಲೆವೆಲ್ಲಿಗೆ ಕೂಡಿಸಿದೆ. ಅವಳ ಹಾಡು ಹೇಗೆ ಏರುತ್ತದೆಂದು ಚಿಕ್ಕಂದಿನಿಂದ ಕೇಳಿದವನು ನಾನು. ಆದರೂ ಕೈ ತನ್ನ ರೂಢಿಯನ್ನೇ ಮಾಡಿತು.

ಪಲ್ಲವಿ ಬಂತು. ಎರಡೂ ಮುಳ್ಳು ಬಲಗಡೆಯ ಗೋಡೆಗೆ ಬಡಿದು ಅಲ್ಲೇ ಅಂಟಿಕೊಂಡವು. ನಾನು ನೋಡಿದೆ. ಕಣ್ಣು ತಪ್ಪಿತು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ, ಅದು ಸುಳ್ಳು. ನೋಡಿಯೂ ಗುಂಡಿಗೆ ಕೈ ಹಾಕಲಿಲ್ಲ. ಮುಳ್ಳು ಅಲ್ಲಿ ಬಿದ್ದಿದ್ದರೆ ಮಾಲು ಗಟ್ಟಿ ಎಂದೇ ನನ್ನ ತಲೆಯಲ್ಲಿ ಕೂತಿತ್ತು. ಐದು ಪದ ಹಾಡಿದಳು, ಐದಕ್ಕೂ ಹಾಗೆಯೇ.

ತಿರುಗಿಸಿ ಹಾಕಿದಾಗ ತಗ್ಗಿನ ಸಾಲುಗಳು ಚೆನ್ನಾಗಿಯೇ ಇದ್ದವು. ಮೇಲಿನದೆಲ್ಲ ಹರಕು ತಗಡು ಎಳೆದಂತೆ ಕರಕರ. ಚಿಗವ್ವ ಮುಖ ಸಣ್ಣದು ಮಾಡಿಕೊಂಡು ಕೇಳಿದಳು. ಆಮೇಲೆ, "ಇನ್ನೊಮ್ಮಿ ಹಾಡ್ಲೇನು? ದಮ್ಮು ಅದ ಇನ್ನಾ," ಎಂದಳು.

ಇನ್ನೊಮ್ಮೆ ಹಾಡಿಸಬೇಕೆಂದರೆ ನನ್ನ ತಪ್ಪು ಒಪ್ಪಿಕೊಳ್ಳಬೇಕಾಗಿತ್ತು. ಪಕ್ಕದಲ್ಲಿ ಚಾಚಾ ಹೊಲಿಗೆ ಮಿಷನ್ ನಿಲ್ಲಿಸಿ ಕಿವಿಗೊಟ್ಟಿದ್ದರು, ಅವರ ಮುಂದೆ ಸೋಲಲು ಮನಸ್ಸಾಗಲಿಲ್ಲ. ಸಂಜೆಗೆ ಒಯ್ಯುವವರ ನಾಲ್ಕು ಕ್ಯಾಸೆಟ್ಟು ಬೇರೆ ಬಾಕಿ ಇದ್ದವು.

"ಬ್ಯಾಡ ಚಿಗವ್ವ," ಎಂದೆ. "ಹೊಸಾ ಟೇಪು. ನಾಕು ಸಲ ಓಡಿದ್ರ ಸಾಫ್ ಆಗ್ತದ."

ಅವಳು ನಂಬಿದಳು. ಕ್ಯಾಸೆಟ್ಟನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ದೇವದುರ್ಗದ ಬಸ್ಸು ಹತ್ತಿದಳು. ಆಪರೇಷನ್ ಆಯಿತು, ಜೀವ ಉಳಿಯಿತು. ದನಿ ಮಾತ್ರ ಬರೀ ಗಾಳಿಯಾಯಿತು, ಬಾಯಿಗೆ ಕಿವಿ ಹಚ್ಚಿದರೆ ಕೇಳುವಷ್ಟು.

ಮುಂದೆ ಅವಳು ಮಗಳ ಮನೆ ಸೇರಿ ಮಾನ್ವಿಯಲ್ಲಿ ಇರತೊಡಗಿದಳು. ಅಲ್ಲಿ ಅವಳ ಹಾಡು ಕೇಳಿದವರು ಯಾರೂ ಇರಲಿಲ್ಲ. ಒಂದು ಶ್ರಾವಣ ಸೋಮವಾರ ನಾನು ನೋಡಿ ಬರಲು ಹೋದಾಗ ಪೂಜೆ ಮುಗಿಸಿದ ಓಣಿಯ ಹೆಂಗಸರು ಪಡಸಾಲೆಯಲ್ಲಿ ಕೂತಿದ್ದರು. ನಮ್ಮವ್ವ ಹೆಂಗ ಹಾಡತಿದ್ದಳು ಕೇಳ್ರಿ ಎಂದು ಮಗಳು ಟೇಪು ಹಚ್ಚಿದಳು. ನಾಲ್ಕಲ್ಲ, ನಾನೂರು ಸಲ ಓಡಿದ ಟೇಪು ಅದು. ಪಲ್ಲವಿ ಬರುತ್ತಲೇ ಕರಕರ ಶುರುವಾಯಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಹಿಂದೆ ಯಾರೋ ಕಿಸಕ್ಕೆಂದರು. ಒಬ್ಬ ಹಿರಿಯಳು, ಹಿಡಿದವ ಯಾವನೋ ಕೆಡಿಸಿದ್ದಾನೆ, ಮನುಷ್ಯರ ದನಿ ಹೀಗೆ ಇರುವುದಿಲ್ಲ ಎಂದಳು.

ನಾನು ಬಾಗಿಲ ಹತ್ತಿರ ಚಹಾ ಹಿಡಿದು ಕೂತಿದ್ದೆ. ಚಿಗವ್ವ ನನ್ನ ಕಡೆ ಒಮ್ಮೆ ನೋಡಿ, ಆ ಹಿರಿಯಳ ತೋಳು ಹಿಡಿದು ಹತ್ತಿರ ಎಳೆದುಕೊಂಡಳು. ಅವಳು ಹೇಳುವುದನ್ನು ಕೇಳಲು ಎಲ್ಲರೂ ಬಗ್ಗಿದರು.

"ಟೇಪು ಛಲೋ ಅದ," ಎಂದಳು. "ನನ್ನ ದನಿನ ಹಂಗಿತ್ತು."

ಹೆಂಗಸರು ನಂಬಿ ತಲೆಯಾಡಿಸಿದರು. ಮಗಳು ಮಾತ್ರ ನನ್ನನ್ನು ನೋಡುತ್ತಿದ್ದಳು, ನಾನು ಬಾಯಿ ಬಿಡುತ್ತೇನೇನೋ ಎಂದು. ನನ್ನ ಗಂಟಲು ನೆಟ್ಟಗೇ ಇತ್ತು. ಚಹಾ ಮುಗಿಸಿ, ಬರ್ತೀನಿ ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಮೂರು ಗಂಟೆಯ ಬಸ್ಸಿಗೆ ರಾಯಚೂರಿಗೆ ಬಂದೆ.