ಇಲಿಯಮ್ಮ ನೆನೆಸಿಕೊಟ್ಟ ಉಂಡೆ

ಬೆಳಗಿನ ಐದೂವರೆ. ಸಂಶೋಧನಾಲಯದ ನೆಲಮಾಳಿಗೆಯಲ್ಲಿ ಅರವತ್ತು ಇಲಿಗೂಡುಗಳ ಮುಂದೆ ಒಬ್ಬಾಕೆ ಮಂಡಿಯೂರಿ ಕೂತಿದ್ದಾರೆ. ಒದ್ದೆ ಹೊಟ್ಟು ತೆಗೆದು ಒಣ ಹೊಟ್ಟು ಹಾಸುತ್ತಾರೆ, ನೀರಿನ ಬಾಟಲಿ ಬದಲಿಸುತ್ತಾರೆ, ಒಂದೊಂದೇ ಇಲಿಯನ್ನು ಬಾಲ ಹಿಡಿದೆತ್ತಿ ತಕ್ಕಡಿಯ ಬಟ್ಟಲಿಗೆ ಬಿಡುತ್ತಾರೆ. "ಅಯ್ಯೋ ನಿನ್ ಮನೆ ಹಾಳಾಗ, ಒಂದ್ ಗಳಿಗೆ ಸುಮ್ನಿರೋ!" ಎಂದು ಗದರುತ್ತಾರೆ. ಹದಿನಾಲ್ಕು ವರ್ಷಗಳಿಂದ ಇದೇ ಕೆಲಸ. ಇಲ್ಲಿ ಎಲ್ಲರಿಗೂ ಅವರು ಇಲಿಯಮ್ಮ.

ಚುಚ್ಚುಮದ್ದು ಕೊಟ್ಟು ಪಾರ್ಕಿನ್ಸನ್ ಥರದ ಕಾಯಿಲೆ ಬರಿಸಿದ ಇಲಿಗಳಿವು. ನಡುಗುತ್ತವೆ, ತಡವರಿಸುತ್ತವೆ. ಮಿದುಳಿನ ಉರಿಯೂತ ತಗ್ಗಿಸಿದರೆ ಕಾಯಿಲೆ ನಿಧಾನವಾಗುತ್ತದೆಯೇ ಎಂಬುದೇ ಪರೀಕ್ಷೆ. ಅರ್ಧ ಇಲಿಗಳಿಗೆ ಔಷಧಿ, ಇನ್ನರ್ಧಕ್ಕೆ ಬರೀ ನೀರು. ಯಾವುದಕ್ಕೆ ಯಾವುದೆಂದು ಕೊನೆಯವರೆಗೂ ಯಾರಿಗೂ ಹೇಳುವುದಿಲ್ಲ.

"ತಲೆಯೊಳಗೆ ಕಾವಲುಗಾರರು ಇದ್ದಾರಂತೆ ಕಣಮ್ಮ" ಎಂದು ಇಲಿಯಮ್ಮ, ಇಲ್ಲಿ ಕಲಿಯಲು ಬಂದ ವಿದ್ಯಾರ್ಥಿನಿಯಾದ ನನಗೆ ಪಾಠ ಮಾಡುತ್ತಾರೆ. "ಕಳ್ಳ ಬಂದ ಅಂತ ಎದ್ದೋರು, ಕಳ್ಳ ಹೋದ್ಮೇಲೂ ದೊಣ್ಣೆ ಕೆಳಗಿಡದೆ ಮನೆಯವ್ರನ್ನೇ ಬಡಿತಾ ಕೂತ್ರೆ? ಅದೇ ಉರಿಯೂತ. ಆ ದೊಣ್ಣೆ ಕಿತ್ಕೊಳ್ಳೋ ಔಷಧಿ ಹುಡುಕ್ತಿದ್ದಾರೆ." ನನ್ನ ಪಠ್ಯಪುಸ್ತಕ ಇದಕ್ಕೆ ಹನ್ನೊಂದು ಪುಟ ತಗೊಂಡಿದೆ.

ಅವರ ಯಜಮಾನರು ದರ್ಜಿ. ಆರು ವರ್ಷದಿಂದ ಅದೇ ಕಾಯಿಲೆ. ಈಗ ಸೂಜಿಗೆ ದಾರ ಪೋಣಿಸುವುದಿರಲಿ, ಅಂಗಿಯ ಗುಂಡಿಯನ್ನೂ ಹೆಂಡತಿಯೇ ಹಾಕಬೇಕು.

"ಇಲಿಗೆ ಕುಡಿಸೋದ್ರಲ್ಲಿ ನಂಗೂ ಒಂದು ತೊಟ್ಟು ತಾರೇ ಅಂದ್ರೆ ತರಲ್ಲ. ಭಾರೀ ನಿಯತ್ತಿನೋಳು!" ಎಂದು ಯಜಮಾನರು ದೂರುತ್ತಾರೆ.

"ಕುಡಿದು ನಿಮ್ಗೂ ಬಾಲ ಬಂದ್ರೆ ಪ್ಯಾಂಟು ಯಾರ್ರೀ ಹೊಲಿಯೋರು?" ಎನ್ನುತ್ತಾರೆ ಇಲಿಯಮ್ಮ.

ಕಳೆದ ವರ್ಷ ನಡೆದದ್ದನ್ನು ಹೇಳುವಾಗ ಮಾತ್ರ ಅವರು ನಗುವುದಿಲ್ಲ. ಗೂಡಿನ ಮೇಲಿನ ಜಾಲರಿಯಲ್ಲಿ ಗಟ್ಟಿ ಆಹಾರದ ಉಂಡೆಗಳಿರುತ್ತವೆ. ಇಲಿ ಹಿಂಗಾಲ ಮೇಲೆ ನಿಂತು ಕಡಿಯಬೇಕು. ಒಂಬತ್ತು ಗೂಡುಗಳ ಇಲಿಗಳು ನಿಲ್ಲಲಾರದೆ ಬೀಳುತ್ತಿದ್ದವು. "ಮನೇಲಿ ಇವ್ರಿಗೆ ತುತ್ತು ಮಾಡಿ ತಿನ್ಸಿ ಬಂದಿರ್ತಿದ್ದೆ. ಕೈ ಕೇಳ್ಲಿಲ್ಲ." ಉಂಡೆಯನ್ನು ನೀರಲ್ಲಿ ನೆನೆಸಿ ಅವುಗಳ ಮುಂದೆ ಇಟ್ಟರು, ಆರು ವಾರ. ದಾಖಲೆ ಪುಸ್ತಕದಲ್ಲಿ ಬರೆಯಲಿಲ್ಲ.

ಪರೀಕ್ಷೆ ಮುಗಿಯಿತು. ಔಷಧಿ ಕುಡಿದ ಇಲಿಗಳ ತೂಕ ಏರಿತ್ತು, ಚುರುಕು ಅಳೆಯಲು ನಿಲ್ಲಿಸಿದ ಕೋಲಿನ ಮೇಲಿಂದ ಸರಸರ ಇಳಿಯುತ್ತಿದ್ದವು. ಮೇಲಿನ ಮಹಡಿಯಲ್ಲಿ ಸಂಶೋಧಕರ ಚಪ್ಪಾಳೆ. ಮನೆಯಲ್ಲಿ ದರ್ಜಿ ತಮ್ಮ ಕತ್ತರಿಗೆ ಎಣ್ಣೆ ಬಿಟ್ಟರು. ಔಷಧಿಯ ಗೂಡುಗಳ ಪಟ್ಟಿ ಗೋಡೆಗೆ ಅಂಟಿಸಿದಾಗ ಇಲಿಯಮ್ಮ ಅದನ್ನು ಎರಡು ಸಲ ಓದಿದರು. ಅವರು ನೆನೆಸಿಕೊಟ್ಟ ಒಂಬತ್ತರಲ್ಲಿ ಏಳು ಅದರಲ್ಲಿದ್ದವು. ಇಲಿಗಳು ಚೇತರಿಸಿದ್ದು ಔಷಧಿಯಿಂದಲೋ, ಮೆತ್ತನೆ ಉಂಡೆಯಿಂದಲೋ?

"ಎರಡು ದಿನ ಬಿಟ್ಟು ಇವ್ರಿಗೆ ಹೇಳ್ದೆ. ಗೋಡೆ ಕಡೆ ತಿರುಗಿ ಮಲ್ಕೊಂಡ್ರು. ಬೆಳಿಗ್ಗೆ, 'ಹೋಗು, ಮೇಡಂಗೆ ಹೇಳ್ಬಿಡು' ಅಂದ್ರು."

ಆ ಮೇಡಂ, ಪರೀಕ್ಷೆ ನಡೆಸುತ್ತಿದ್ದ ಸಂಶೋಧಕಿ, ಬೈಯಲಿಲ್ಲವಂತೆ. ದಾಖಲೆ ಪುಸ್ತಕ ಮುಚ್ಚಿ, "ಮೊದಲೇ ಬರೆದಿದ್ರೆ ಎಲ್ಲಕ್ಕೂ ನೆನೆಸಿ ಕೊಡ್ತಿದ್ವಲ್ಲಮ್ಮ" ಎಂದರಂತೆ. ಅಷ್ಟೂ ಇಲಿಗಳ ಲೆಕ್ಕ ಕಸದ ಬುಟ್ಟಿಗೆ ಹೋಯಿತು. ಹೊಸ ಅರವತ್ತು ಬಂದವು. ಈ ಸಲ ಎಲ್ಲಕ್ಕೂ ಒಂದೇ ಮೆತ್ತನೆ ಉಂಡೆ, ಎಲ್ಲವೂ ಪುಸ್ತಕದಲ್ಲಿ.

ಹೋದ ತಿಂಗಳು ಫಲಿತಾಂಶ ಬಂತು. ಔಷಧಿ ಕುಡಿದವೂ ನೀರು ಕುಡಿದವೂ ಒಂದೇ ಥರ ನಡುಗಿದವು. ಆ ಔಷಧಿಯನ್ನು ಕೈಬಿಟ್ಟಿದ್ದಾರೆ. ಈಗ ಗೂಡುಗಳಲ್ಲಿರುವುದು ಇನ್ನೊಂದರ ಪರೀಕ್ಷೆ. ಅದು ಗೆದ್ದರೂ ಮನುಷ್ಯರ ಬಾಯಿಗೆ ಬರಲು ಹತ್ತು ವರ್ಷ ಬೇಕು.

"ಹತ್ತು ವರ್ಷ ಇವ್ರಿಗೆ ಇಲ್ಲ. ಅದು ಇವ್ರಿಗೂ ಗೊತ್ತು, ನಂಗೂ ಗೊತ್ತು" ಎಂದು ಇಲಿಯಮ್ಮ ಮುಂದಿನ ಗೂಡಿನ ಮುಚ್ಚಳ ತೆಗೆಯುತ್ತಾರೆ. "ಆದ್ರೆ ನಾನು ಬಾಯಿ ಮುಚ್ಕೊಂಡಿದ್ರೆ, ಯಾವಳೋ ಒಬ್ಬಳು ಆ ಸುಳ್ಳು ಗುಳಿಗೇನ ದಿನಾ ಗಂಡನ ಬಾಯಿಗೆ ಹಾಕಿ, ಇವತ್ತು ಕೈ ನಿಂತಿದ್ಯಾ ಅಂತ ನೋಡ್ತಾ ಕೂತಿರ್ತಿದ್ಳು. ಅದೊಂದು ತಪ್ಪಿಸ್ದೆ ನೋಡಮ್ಮ."