ಜಟಕನ ಕಲ್ಲಿನ ಕತ್ತಿ

ಕಳೆದ ವಾರ ಕುಮಟೆಯ ಪೇಟೆಯಲ್ಲಿ ಹಾದುಹೋಗುವಾಗ ಅಂಗಡಿಯೊಂದರ ಮುಂದೆ ಸಾರಿಗೆ ಹುಳಿಯಾಗಿ ಹಾಕುವ ಒಣ ಉಪ್ಪಾಗೆ ಸಿಪ್ಪೆಯ ಚೀಲ ಬಿಚ್ಚುತ್ತಿದ್ದರು. ಹುಳಿಯೂ ಹೊಗೆಯೂ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ, ತರಬೇಕಿದ್ದ ಸಾಮಾನು ಮರೆತು ಅಲ್ಲೇ ನಿಂತುಬಿಟ್ಟೆ. ನಮ್ಮ ಪಕ್ಕದ ಮನೆಯ ದೊಡ್ಡಮ್ಮನ ಸೆರಗಿಗೆ ಇದೇ ವಾಸನೆ ಇತ್ತು…

ನಾನು ಹಿರೇಗುತ್ತಿಯ ಬಯಲಿನವಳು. ಉಪ್ಪುನೀರು, ಮೀನು, ಗಾಳಿ, ಇಷ್ಟೇ ಗೊತ್ತಿದ್ದದ್ದು. ಮದುವೆಯಾಗಿ ಕತಗಾಲದಾಚೆಯ ಈ ಊರಿಗೆ ಬಂದಾಗ ಕಾಡೆಂದರೆ ನನಗೆ ಬರೀ ಕತ್ತಲೆ. ದೊಡ್ಡಮ್ಮ ನಮಗೆ ರಕ್ತಸಂಬಂಧಿಯೇನಲ್ಲ. ಊರಿನ ಹೆಂಗಸರ ಗುಂಪಿಗೆ ಮುಂದಾಳು, ನನ್ನ ಕೈ ಹಿಡಿದು ಗುಡ್ಡ ಹತ್ತಿಸಿದವಳೂ ಅವಳೇ.

ಗುಡ್ಡದ ಮೇಲೊಂದು ಜಡ್ಡಿ ಇದೆ. ನಡುಬೇಸಿಗೆಯಲ್ಲೂ ನೀರು ಆರದ, ಕಾಡಿನೊಳಗಿನ ಕೆಸರು ತಗ್ಗು ಅದು. ಅಲ್ಲಿ ಮರದ ಬೇರುಗಳು ಕೆಸರಿನಿಂದ ಮೇಲೆದ್ದು, ಮಡಿಸಿದ ಮೊಣಕಾಲಿನಂತೆ ಬಾಗಿ, ಮತ್ತೆ ಕೆಸರಿಗೇ ಇಳಿಯುತ್ತವೆ. ಮೊದಲ ಸಲ ಕಂಡಾಗ ಯಾರೋ ಬಹಳ ಜನ ಮೊಣಕಾಲಷ್ಟೇ ಹೊರಗಿಟ್ಟು ಕೆಸರಿನಲ್ಲಿ ಹೂತು ಕೂತಿದ್ದಾರೆ ಅನಿಸಿ ಜೀವ ಬಾಯಿಗೆ ಬಂದಿತ್ತು. ಊರಿಗೆ ಕುಡಿಯುವ ನೀರು ಕೊಡುವ ಹಳ್ಳ ಹುಟ್ಟುವುದು ಅಲ್ಲಿಂದಲೇ.

ಜಡ್ಡಿಯ ಸುತ್ತ ಉಪ್ಪಾಗೆ ಮರಗಳು. ಮಳೆಗಾಲದಲ್ಲಿ ಹಣ್ಣಾಗಿ ಉದುರಿದ್ದನ್ನು ಹೆಕ್ಕಿ, ಸಿಪ್ಪೆ ಬಿಡಿಸಿ, ಕಟ್ಟಿಗೆ ಉಳಿಯಲೆಂದು ಎಲ್ಲರೂ ಸೇರಿ ಒಂದೇ ಒಲೆಯಲ್ಲಿ ಒಣಗಿಸಿ, ಒಟ್ಟಾಗಿ ಮಾರುತ್ತಿದ್ದೆವು. ಟೊಂಗೆ ಕಡಿಯಬಾರದೆಂದು ಊರಿನ ಅರಣ್ಯ ಸಮಿತಿಯ ನಿಯಮ. ಅದಕ್ಕಿಂತ ಹಳೆಯದು ಜಟಕನ ಕಟ್ಟಳೆ. ಕಾಡಿನ ಅಂಚಿನಲ್ಲಿ ಜಟಕ ದೇವರ ಕಲ್ಲಿದೆ. ಒಳಗೆ ಹೋಗುವವರು ಸೊಂಟದ ಕತ್ತಿಯನ್ನು ಅದರ ಬುಡದಲ್ಲಿಟ್ಟು ಬರಿಗೈಯಲ್ಲಿ ಹೋಗಬೇಕು, ಹೊರಬಂದ ಮೇಲೆ ಅವರವರ ಕತ್ತಿ ಅವರವರು ತೆಗೆದುಕೊಳ್ಳಬೇಕು. ಕತ್ತಿ ಉಳಿದಿದ್ದರೆ ಒಳಗೆ ಯಾರೋ ಇದ್ದಾರೆಂದು ಅರ್ಥ. ಅವರು ಬರುವವರೆಗೆ ಬೇರೆ ಯಾರೂ ಹೋಗುವಂತಿಲ್ಲ.

ಒಂದು ವರ್ಷ ಉಪ್ಪಾಗೆಗೆ ವಿಪರೀತ ಬೆಲೆ ಬಂತು. ಹೊನ್ನಾವರದ ಕಡೆಯ ವ್ಯಾಪಾರಿಯೊಬ್ಬ, ಕಾಯಿಯಾದರೂ ಸರಿ, ಬೇಗ ಕೊಡಿ ಎಂದು ಬೆನ್ನು ಹತ್ತಿದ. ಕಾಯಿ ಬೇಕೆಂದರೆ ಟೊಂಗೆ ಕಡಿಯಬೇಕು. ಈ ಒಂದು ವರ್ಷ ಕಟ್ಟಳೆ ಬಿಡೋಣ ಎಂದು ಸಭೆಯಲ್ಲಿ ಮಾತಾಯಿತು.

"ನೆರಳು ಹೋದ್ರೆ ಜಡ್ಡಿ ಒಣಗ್ತದೆ. ಆಮೇಲೆ ಎಂತ ಕುಡೀತ್ರಿ?" ಅಂದಳು ದೊಡ್ಡಮ್ಮ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರೂ ಗುಡ್ಡ ಹತ್ತಿದರೆ, ಕಲ್ಲಿನ ಬುಡದಲ್ಲಿ ಆಗಲೇ ಒಂದು ಕತ್ತಿ ಇತ್ತು. ನಮ್ಮೂರಿನ ಯಾರದ್ದೂ ಅಲ್ಲ. ಹಿಡಿ ಕಪ್ಪಗಾಗಿ ಅಲಗು ಸವೆದಿತ್ತು. ರಾತ್ರಿಯೆಲ್ಲ ಮಳೆ ಹೊಡೆದಿದ್ದರೂ ಅದು ಒದ್ದೆಯಾಗಿರಲಿಲ್ಲ.

ದೊಡ್ಡಮ್ಮ ಕಾಡಿನ ಕಡೆ ತಿರುಗಿ ಕೂ ಹಾಕಿದಳು. ಸ್ವಲ್ಪ ಹೊತ್ತು ಎಲೆಯಿಂದ ನೀರು ತೊಟ್ಟಿಕ್ಕುವ ಸದ್ದು ಮಾತ್ರ. ಆಮೇಲೆ ಜಡ್ಡಿಯ ಕಡೆಯಿಂದ, ನೆಲದಡಿಯಿಂದ ಬಂದ ಹಾಗೆ, ಒಂದು ಕೂ… ಹೆಂಗಸಿನ ದನಿ. ಮಾರ್ದನಿಯೇ ಇರಬೇಕೆಂದು ಇವತ್ತಿಗೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೆ ದೊಡ್ಡಮ್ಮ ಕೂಗಿದ್ದು ಗಿಡ್ಡಕ್ಕೆ, ಬಂದದ್ದು ಉದ್ದವಾಗಿತ್ತು.

"ಒಳಗೆ ಯಾರೋ ಇದ್ದಾರೆ. ಅವ್ರು ಬರೂತನಕ ನಾವು ಹೋಗುದಲ್ಲ," ಅಂದಳು.

ಆ ಮಳೆಗಾಲವಿಡೀ ಕತ್ತಿ ಅಲ್ಲಿಂದ ಅಲುಗಲಿಲ್ಲ. ಮುಟ್ಟಲು ಯಾರಿಗೂ ಧೈರ್ಯವಿಲ್ಲ. ವ್ಯಾಪಾರಿ ಬೇರೆ ಊರು ನೋಡಿಕೊಂಡ. ಹಣ್ಣು ಉದುರಿ, ಕೊಳೆತು, ಮರದಡಿಯೆಲ್ಲ ಸಸಿ ಎದ್ದವು. ಮರುವರ್ಷ ಹೆಕ್ಕುವ ಹೊತ್ತಿಗೆ ಕತ್ತಿ ಇರಲಿಲ್ಲ. ದೊಡ್ಡಮ್ಮ ಕೂ ಹಾಕಿ, ಕಾದು ನೋಡಿ, "ಆತು, ನಡೀರಿ" ಅಂದಳು.

ಇದೆಲ್ಲ ಅವಳದೇ ಕಿತಾಪತಿ ಎಂದು ನನಗೆ ಗಟ್ಟಿ ಅನುಮಾನ. ಒಂದು ಸಂಜೆ ಒಲೆಯ ಮುಂದೆ ಕೇಳಿಯೇಬಿಟ್ಟೆ. "ದೊಡ್ಡಮ್ಮ, ಆ ಕತ್ತಿ ಇಟ್ಟದ್ದು ನೀನೇ ಅಲ್ದ?"

ಅವಳು ಸಿಪ್ಪೆ ಮಗುಚುವುದನ್ನು ನಿಲ್ಲಿಸಿದಳು. "ಇಡ್ವಾ ಅಂತೇಳಿ ಒಂದು ಹಳೇ ಕತ್ತಿ ತಕಂಡು ಹೋಗಿದ್ದೆ ತಂಗಿ. ನಾ ಹೋಗೂದ್ರೊಳಗೆ ಅದು ಅಲ್ಲಿತ್ತು." ಅವಳ ಮುಖದಲ್ಲಿ ನಗು ಹುಡುಕಿದೆ. ಇರಲಿಲ್ಲ.

ದೊಡ್ಡಮ್ಮ ಹೋಗಿ ಈಗ ಕೆಲವು ವರ್ಷಗಳಾದವು. ಸಾಮಾನ್ಯ ಜ್ವರ ಅಂದುಕೊಂಡಿದ್ದೆವು… ಕಳೆದ ಮಳೆಗಾಲ ಮತ್ತೆ ಬೆಲೆ ಏರಿತು, ಮತ್ತೆ ಅದೇ ಸಭೆ. ಅವಳ ಮಾತನ್ನೇ ನಾನು ಹೇಳಿದೆ. ಕೇಳುವವರಿಲ್ಲದೆ, ಬೆಳಕು ಹರಿಯುವಾಗ ನಾನೇ ಹೋಗಿ ಕಲ್ಲಿನ ಬುಡದಲ್ಲಿ ಒಂದು ಕತ್ತಿ ಇಟ್ಟುಬಂದೆ. ಆಮೇಲೆ ಎಲ್ಲರ ಜೊತೆ ಗುಡ್ಡ ಹತ್ತಿದಾಗ ಹುಡುಗನೊಬ್ಬ ಅದನ್ನು ಎತ್ತಿ ತಿರುಗಿಸಿ ನೋಡಿದ. "ಇದು ನಿಮ್ಮನೇ ಅಟ್ಟದ ಕತ್ತಿ ಅಲ್ದ ಚಿಕ್ಕಮ್ಮ?" ಎಲ್ಲರೂ ನಕ್ಕರು. ನಕ್ಕು, ಅವರವರ ಕತ್ತಿ ಸೊಂಟದಲ್ಲೇ ಇಟ್ಟುಕೊಂಡು ಒಳಗೆ ನಡೆದರು. ಹೊತ್ತಿಡೀ ಕಡಿಯುವ ಸದ್ದು ಕೇಳುತ್ತ ನಾನು ಕಲ್ಲಿನ ಹತ್ತಿರವೇ ಕೂತಿದ್ದೆ.

ಸಂಜೆ ಎಲ್ಲರೂ ಸಾಲಾಗಿ ಹೊರಬಂದರು, ತಲೆಯ ಮೇಲೆ ಹಸಿರು ಕಾಯಿಯ ಬುಟ್ಟಿ. ಎಲ್ಲರಿಗಿಂತ ಹಿಂದೆ ಒಬ್ಬ ಮುದುಕಿ, ಬರಿಗೈ, ಮೊಣಕಾಲಿನವರೆಗೆ ಕೆಸರು. ಯಾರ ಮನೆಯವಳೋ ಎಂದುಕೊಂಡೆ. ಅವಳು ನನ್ನತ್ತ ನೋಡಲಿಲ್ಲ, ಕಲ್ಲಿನತ್ತಲೂ ನೋಡಲಿಲ್ಲ. ಹಳ್ಳದ ದಾರಿ ಹಿಡಿದು ಕೆಳಗಿಳಿದು ಹೋದಳು. ಆಮೇಲೆ ಮನೆಮನೆಯಲ್ಲೂ ಕೇಳಿದೆ. ಅಂಥವಳು ಯಾರೂ ನಮ್ಮ ಜೊತೆ ಇರಲೇ ಇಲ್ಲ ಅಂದರು.

ದೊಡ್ಡಮ್ಮನಿದ್ದಿದ್ದರೆ ಓಡಿಹೋಗಿ ಅವಳನ್ನು ಕರೆದು ತರುತ್ತಿದ್ದಳೋ ಏನೋ. ನಾನು ಕೂತಲ್ಲೇ ನೋಡುತ್ತ ಉಳಿದೆ. ಶಿವರಾತ್ರಿ ಇನ್ನೂ ಬಂದಿಲ್ಲ. ಹಳ್ಳದಲ್ಲಿ ಕೊಡ ಮುಳುಗುತ್ತಿಲ್ಲ, ಚೊಂಬಿನಲ್ಲಿ ಮೊಗೆದು ತುಂಬುತ್ತಿದ್ದೇನೆ.