ನನಗಿಂತ ಮೊದಲು ಹೊರಟ ಗಂಟು

ಶಕುನ, ಮುಹೂರ್ತ, ದೆವ್ವ ಇಂಥವುಗಳ ಮಾತು ಬಂದಾಗ ಮೆಲ್ಲಗೆ ಎದ್ದುಹೋಗಿ ಪುಸ್ತಕ ಹಿಡಿದು ಕೂರುವುದು ನನ್ನ ಅಭ್ಯಾಸವಾಗಿತ್ತು. ವಾದ ಮಾಡುತ್ತಿರಲಿಲ್ಲ. ವಾದ ಮಾಡುವುದು ನನ್ನ ಸ್ವಭಾವದಲ್ಲೇ ಇಲ್ಲ. ಅಂಗಡಿಯವನು ಚಿಲ್ಲರೆ ಕಡಿಮೆ ಕೊಟ್ಟರೂ ಸುಮ್ಮನೆ ಬರುವವಳು ನಾನು. ಆದರೆ ಮನಸ್ಸಿನಲ್ಲಿ, ಇದೆಲ್ಲ ಹೊತ್ತು ಹೋಗದವರ ಕಥೆ ಎಂಬ ನಿಶ್ಚಯವಿತ್ತು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದರಿಂದ ಆ ನಿಶ್ಚಯಕ್ಕೆ ಸ್ವಲ್ಪ ಹೆಮ್ಮೆಯೂ ಸೇರಿತ್ತು. ಈಗ ಬರೆಯುತ್ತಿರುವುದನ್ನು ಮನೆಯವರ ಹೊರತು ಯಾರಿಗೂ ಹೇಳಿಲ್ಲ. ನೀವು ನಂಬಲೇಬೇಕೆಂದು ಕೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಓದು ಮುಗಿಸಿ ಮಧುಗಿರಿಗೆ ಮರಳಿದ್ದ ನಾನು ಬೆಳಿಗ್ಗೆ ಮಹಿಳಾ ಸಮಾಜದ ಹಜಾರದಲ್ಲಿ ಹೆಂಗಸರಿಗೆ ಯೋಗಾಸನ ಹೇಳಿಕೊಡುತ್ತಿದ್ದೆ. ಒಮ್ಮೆ ಬೆಟ್ಟ ಹತ್ತಲು ಬಂದಿದ್ದ ಆಸ್ಟ್ರಿಯಾ ದೇಶದ ಹೆಂಗಸೊಬ್ಬಳು ನಾಲ್ಕು ದಿನ ನಮ್ಮ ತರಗತಿಗೂ ಬಂದಳು. ಮರುವರ್ಷ ಅವಳಿಂದ ಆಹ್ವಾನ ಬಂತು. ಅವರ ದೇಶದ ಬೆಟ್ಟದೂರಿನಲ್ಲಿ ಬೇಸಿಗೆಯಲ್ಲಿ ಯೋಗದ ರಜಾ ಶಿಬಿರ ನಡೆಸುತ್ತಾಳಂತೆ. ಜನ ಕೆಲಸಕ್ಕೆ ರಜಾ ಹಾಕಿ ಬಂದು, ಬೆಳಿಗ್ಗೆ ಆಸನ ಹಾಕಿ, ಮಧ್ಯಾಹ್ನ ಕಾಡಿನಲ್ಲಿ ತಿರುಗಾಡಿ ಹೋಗುತ್ತಾರಂತೆ. ಅಲ್ಲಿ ಒಂದು ತಿಂಗಳು ನಾನು ಕಲಿಸಬೇಕು. ಟಿಕೆಟ್ಟೂ ಅವಳದೇ.

ತರಗತಿಯಲ್ಲಿ ಇದು ದೊಡ್ಡ ನಗೆಯಾಯಿತು. ಪಾವಗಡದ ಕಡೆಯಿಂದ ಬಂದು ನೆಲೆಸಿದ್ದ ನರಸಮ್ಮ, "ರಜಾ ಹಾಕಿ ಬಗ್ಗೋಕೆ ಏಳೋಕೆ ಬರ್ತಾರಾ? ಅವರನ್ನ ನಮ್ಮೂರಿಗೆ ಕಳಿಸಮ್ಮಾ. ಕಡ್ಲೆಕಾಯಿ ಕೀಳಿಸ್ತೀನಿ, ಸೊಂಟ ತಾನೇ ಬಗ್ತದೆ" ಅಂದಳು.

ಆದರೆ ತಯಾರಿಯಲ್ಲಿ ಎಲ್ಲರೂ ಕೈಹಾಕಿದರು. ಪಾಸ್‌ಪೋರ್ಟಿನ ವಿಚಾರಣೆಗೆ ಬಂದ ಪೊಲೀಸಿನವರಿಗೆ ಬೀದಿಯವರೆಲ್ಲ ನನ್ನ ಗುಣಗಾನ ಮಾಡಿ ಕಾಫಿ ಕುಡಿಸಿದರು. ಇಪ್ಪತ್ತು ಕೆಜಿಗಿಂತ ಹೆಚ್ಚು ಸಾಮಾನು ಒಯ್ಯುವಂತಿಲ್ಲವಾದ್ದರಿಂದ ನಮ್ಮ ಪೆಟ್ಟಿಗೆಯನ್ನು ಕಡಲೆಕಾಯಿ ಮಂಡಿಯ ತಕ್ಕಡಿಯಲ್ಲಿಟ್ಟು ತೂಗಿದೆವು. ತೂಕ ಹೆಚ್ಚಾಗಿ, ಅಜ್ಜಿ ತುಂಬಿದ್ದ ಹುಣಸೆಹಣ್ಣು ಅಲ್ಲೇ ಇಳಿಯಿತು. ಅಜ್ಜಿ ಸಂಜೆಯವರೆಗೆ ಮಾತು ಬಿಟ್ಟರು.

ಇಷ್ಟರಲ್ಲಿ ಎರಡು ನಿಯಮಗಳು ನನ್ನನ್ನು ಹಿಡಿದುಕೊಂಡವು. ಒಂದು ವಿಮಾನ ಕಂಪನಿಯದು. ಟಿಕೆಟ್ಟು ಕೈಯಲ್ಲಿದ್ದರೆ ಸಾಲದು, ಹೊರಡುವ ಮೂರು ದಿನ ಮೊದಲು 'ಬರುತ್ತೇನೆ' ಎಂದು ತಿಳಿಸಿ ಸೀಟು ಗಟ್ಟಿ ಮಾಡಿಸಿಕೊಳ್ಳಬೇಕು. ಇಲ್ಲದಿದ್ದರೆ ಅದನ್ನು ಬೇರೆಯವರಿಗೆ ಕೊಟ್ಟುಬಿಡಬಹುದು. ಬೊಂಬಾಯಿಯಿಂದ ನನ್ನ ವಿಮಾನ ಭಾನುವಾರ ರಾತ್ರಿ. ಅಂದರೆ ಗುರುವಾರ ಸಂಜೆಯೊಳಗೆ ಕಂಪನಿಯ ಬೆಂಗಳೂರು ಕಚೇರಿಗೆ ಹೋಗಿ ಬರಬೇಕಿತ್ತು.

ಇನ್ನೊಂದು ಅಜ್ಜಿಯದು. ನಾನು ಮನೆ ಬಿಡಬೇಕಾದ ಶುಕ್ರವಾರ ಪಂಚಾಂಗದಲ್ಲಿ ಚೆನ್ನಾಗಿಲ್ಲವಂತೆ, ಬುಧವಾರವೇ ಒಳ್ಳೆಯದಂತೆ. ಇಂಥ ಸಂದರ್ಭಕ್ಕೆ ನಮ್ಮಲ್ಲಿ ಪ್ರಸ್ಥಾನ ಇಡುವ ಪದ್ಧತಿ ಇದೆ. ಒಳ್ಳೆಯ ದಿನ ನೋಡಿ, ಹೊರಡುವವರು ಉಟ್ಟ ಬಟ್ಟೆಯೊಂದನ್ನು ಅಕ್ಕಿ, ಅರಿಶಿನದ ಕೊಂಬಿನ ಜೊತೆ ಗಂಟು ಕಟ್ಟಿ, ಹೋಗುವ ದಿಕ್ಕಿನ ಇನ್ನೊಂದು ಮನೆಯಲ್ಲಿ ಇಟ್ಟುಬರುತ್ತಾರೆ. ಗಂಟು ಹೊರಟಿತೆಂದರೆ ಮನುಷ್ಯನೂ ಹೊರಟಂತೆ. ಆಮೇಲೆ ಅವರು ಯಾವ ದಿನ ಹೋದರೂ ದೋಷವಿಲ್ಲ.

ಸಾಮಾನ್ಯವಾಗಿ ಪಕ್ಕದ ಮನೆ ಸಾಕು. ಅಜ್ಜಿ ಒಪ್ಪಲಿಲ್ಲ. "ಸಮುದ್ರ ದಾಟೋಳು ಕಣಮ್ಮ ನೀನು. ನಿನ್ನ ಪರಸ್ತಾನ ಪಕ್ಕದ ಮನೇಲಿಟ್ರೆ ಆಯ್ತದಾ? ಒಂದೂರನ್ನಾದ್ರೂ ದಾಟ್ಲಿ ಬುಡು."

ಕೊರಟಗೆರೆಯಿಂದ ಬಂದಿದ್ದ ಸೋದರತ್ತೆ ಗೌರತ್ತೆ, "ಇಂಗೆ ಕೊಡವ್ವ, ನಾನ್ ತಗಂಡೋಗ್ತೀನಿ. ಬೆಂಗ್ಳೂರ್ಗೆ ಹೋಗ್ತಾ ನಮ್ಮನೇಲಿ ಇಳ್ದು ಈಸ್ಕಂಡೋಗ್ಲಿ" ಎಂದರು. ಹಿಂದಿನ ದಿನ ನಾನು ಉಟ್ಟಿದ್ದ ಹಸಿರು ಕೈಮಗ್ಗದ ಸೀರೆಯನ್ನು ಹಳದಿ ಬಟ್ಟೆಯಲ್ಲಿ ಕಟ್ಟಿ ಅಜ್ಜಿ ಕೊಟ್ಟರು. ಬುಧವಾರ ಬೆಳಗಿನ ಬಸ್ಸಿನಲ್ಲಿ ಗಂಟು ಕೊರಟಗೆರೆಗೆ ಹೋಯಿತು. ನಾನು ಬಾಗಿಲಲ್ಲಿ ನಿಂತು ನಗುತ್ತ ಕೈಬೀಸಿದೆ.

ಅದೇ ಮಧ್ಯಾಹ್ನ ಪ್ರಯಾಣಕ್ಕೆ ಬೇಕಾದ ಕಾಲರಾ ಸೂಜಿ ಹಾಕಿಸಿಕೊಂಡೆ. ಸಂಜೆಗೆ ಎಡತೋಳು ಊದಿಕೊಂಡಿತು. ಗುರುವಾರ ಬೆಳಿಗ್ಗೆ ಏಳಲು ಹೋದರೆ ಗೋಡೆಗಳು ತಿರುಗಿದವು. ಮೈ ಕೆಂಡವಾಗಿತ್ತು. ಬಸ್ಸು ಹತ್ತುವ ಮಾತೇ ಇರಲಿಲ್ಲ. ಅಪ್ಪ ಅಂಚೆ ಕಚೇರಿಗೆ ಹೋಗಿ ಬೆಂಗಳೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಕಾದರು. ಬಾಗಿಲು ಹಾಕುವವರೆಗೂ ಲೈನು ಸಿಗಲಿಲ್ಲ. ಸೀಟು ಹೋಯಿತೆಂದು ಎಲ್ಲರಿಗೂ ಅರ್ಥವಾಗಿತ್ತು. ಶಿಬಿರ ಸೋಮವಾರವೇ ಶುರು. ನಾನು ಬರದಿದ್ದರೆ ಅವರು ಬೇರೆಯವರನ್ನು ಕರೆದುಕೊಳ್ಳುತ್ತಾರೆ. ನಮ್ಮ ಮನೆಯ ಹುಡುಗಿಯೊಬ್ಬಳನ್ನು ಒಂಟಿಯಾಗಿ ಅಷ್ಟು ದೂರ ಕಳಿಸಲು ಅಪ್ಪ ಇನ್ನೊಮ್ಮೆ ಮನಸ್ಸು ಮಾಡುತ್ತಾರೆಂಬ ನಂಬಿಕೆ ನನಗಿರಲಿಲ್ಲ.

ಆ ದಿನದ ಬಗ್ಗೆ ನನಗೆ ನೆನಪಿರುವುದು ನಡುಮನೆಯ ಚಾಪೆ, ಹಣೆಯ ಮೇಲಿನ ಒದ್ದೆಬಟ್ಟೆ, ಅಜ್ಜಿಯ ಕೈಬಳೆಯ ಸದ್ದು ಮಾತ್ರ. ಮಧ್ಯಾಹ್ನವಿಡೀ ಮಗ್ಗಲು ಕೂಡ ಬದಲಾಯಿಸದೆ ಬಿದ್ದಿದ್ದೆನೆಂದು ಅಮ್ಮ ಹೇಳಿದರು. ಟಿಕೆಟ್ಟು ನನ್ನ ದಿಂಬಿನ ಕೆಳಗಿತ್ತು.

ಶುಕ್ರವಾರ ಜ್ವರ ಇಳಿದಿತ್ತು. ಕೇಳಿ ನೋಡೋಣವೆಂದು ಪೆಟ್ಟಿಗೆ ಸಮೇತ ಅಪ್ಪನೊಂದಿಗೆ ಹೊರಟೆ. ಕೊರಟಗೆರೆಯಲ್ಲಿ ಗೌರತ್ತೆ ಗಂಟು ಹಿಡಿದುಕೊಂಡು ಬಸ್ ನಿಲ್ದಾಣಕ್ಕೇ ಬಂದಿದ್ದರು. "ದೇವರ ಗೂಡಿನ ಕೆಳಗಿಟ್ಟಿದ್ದೆ ಕಣಮ್ಮ. ಯಾರೂ ಮುಟ್ಟಿಲ್ಲ. ಇದೇನ್ ನಿನ್ ಮಕ ಇಂಗೆ ಬಾಡೋಗೈತೆ?" ಎಂದು ಕಿಟಕಿಯಿಂದಲೇ ಗಂಟನ್ನು ನನ್ನ ಮಡಿಲಿಗೆ ಹಾಕಿದರು.

ಬೆಂಗಳೂರಿನಲ್ಲಿ ಅಪ್ಪ ಪೆಟ್ಟಿಗೆ ಕಾಯುತ್ತ ಕೆಳಗೆ ಉಳಿದರು. ನಾನು ಗಂಟನ್ನು ಕೈಚೀಲದಲ್ಲಿಟ್ಟುಕೊಂಡು ಮಹಡಿಯ ಮೇಲಿದ್ದ ಕಚೇರಿಗೆ ಹೋದೆ. ಹೇಳಬೇಕಾದ ಮಾತುಗಳನ್ನು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ. ಕೌಂಟರಿನಲ್ಲಿ ಕನ್ನಡಕ ಹಾಕಿದ್ದ, ನನಗಿಂತ ಸ್ವಲ್ಪ ದೊಡ್ಡವರಾದ ಹೆಂಗಸು ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರು ತಲೆಯೆತ್ತಿ ನಕ್ಕುಬಿಟ್ಟರು.

"ಅಯ್ಯೋ, ಮತ್ತೆ ಬಂದ್ರಾ! ನಿನ್ನೆ ಜಗಳ ಆಡಿದ್ದು ಸಾಕಾಗ್ಲಿಲ್ವಾ?"

ಬೇರೆ ಯಾರೋ ಎಂದುಕೊಂಡಿದ್ದಾರೆ ಅನಿಸಿತು. ನನ್ನ ಹೆಸರು ಹೇಳಿದೆ. "ಗೊತ್ತು ಕಣ್ರೀ, ಮಧುಗಿರಿಯವರು, ಯೋಗ ಟೀಚರ್ರು. ಸೀಟು ಗಟ್ಟಿಯಾಗಿದೆ ಅಂತ ಎಷ್ಟು ಸಲ ಹೇಳ್ಲಿ?" ಎಂದರು.

"ನಿನ್ನೆ ನಾನು ಟಿಕೆಟ್ ತೋರಿಸಿದ್ದೆನಾ?" ಎಂದು ಕೇಳಿದೆ. ಯಾಕೆ ಹಾಗೆ ಕೇಳಿದೆನೋ ಗೊತ್ತಿಲ್ಲ.

"ಎಲ್ಲಿ ತೋರಿಸಿದ್ರಿ? ಮನೇಲಿದೆ ಅಂದ್ರಿ. ಟಿಕೆಟ್ ಇಲ್ದೆ ಆಗಲ್ಲ ಅಂದಿದ್ದಕ್ಕೇ ಜಗಳ ಶುರುವಾಗಿದ್ದು. ಆಮೇಲೆ ನಂಬರ್ರು, ತಾರೀಖು ಎಲ್ಲಾ ಗಿಳಿ ಥರ ಒಪ್ಪಿಸಿದ್ರಿ. ಅಷ್ಟಕ್ಕೂ ಬಿಡ್ಲಿಲ್ಲ. ವಿಮಾನ ತುಂಬಿದೆ ಅಂತ ಬಿಟ್ಟುಹೋದ್ರೆ ಎಲ್ಲಿ ಮಲಗಿಸ್ತೀರಿ, ಊಟ ಯಾರು ಹಾಕ್ತಾರೆ ಅಂತ ನನ್ನ ಊಟಕ್ಕೂ ಏಳೋಕೆ ಬಿಡ್ಲಿಲ್ಲ. ನಮ್ಮ ಮ್ಯಾನೇಜರೇ ಹೊರಗೆ ಬಂದು ನೋಡಿದ್ರು. ಕೊನೇಲಿ ಅವರನ್ನೂ ನಗಿಸಿ ಹೋದ್ರಲ್ಲ!"

ನಾನು ಮೆಲ್ಲಗೆ, ನಿನ್ನೆ ನನಗೆ ಜ್ವರವಿತ್ತು ಎಂದೆ. "ಇರಬೇಕು. ಎಡತೋಳು ಹಿಡ್ಕೊಂಡೇ ನಿಂತಿದ್ರಿ. ಈಗ ವಾಸೀನಾ? ಆ ಹಸಿರು ಸೀರೆ ಮಾತ್ರ ನಿಮಗೆ ಚೆನ್ನಾಗಿ ಒಪ್ಪುತ್ತೆ ಕಣ್ರೀ."

ವಿಮಾನ ತುಂಬಿ ನನ್ನನ್ನು ಬಿಟ್ಟುಹೋದರೆ ಏನು ಸಿಗುತ್ತದೆಂದು ನಾನೂ ಕೇಳಬೇಕೆಂದುಕೊಂಡೆ. ಅವರು ಕೈಮುಗಿದು, "ಅದೆಲ್ಲಾ ನಿನ್ನೆನೇ ಹೇಳಿದೀನಿ, ಇನ್ನೊಂದ್ಸಲ ಹೇಳಿಸ್ಬೇಡಿ" ಎಂದು ನಗುತ್ತ ನನ್ನ ಹಿಂದೆ ನಿಂತವರನ್ನು ಕರೆದರು. ನಾನು ಪಕ್ಕಕ್ಕೆ ಸರಿದೆ.

ಮೆಟ್ಟಿಲ ಮೇಲೆ ಕೂತು ಗಂಟು ಬಿಚ್ಚಿ ನೋಡಿದೆ. ಅಕ್ಕಿ ಇತ್ತು, ಅರಿಶಿನದ ಕೊಂಬು ಇತ್ತು. ಸೀರೆಯಲ್ಲಿ ಕೂತೆದ್ದ ಸುಕ್ಕುಗಳಿದ್ದವು. ಆದರೆ ಉಟ್ಟ ಸೀರೆಯನ್ನೇ ಇಡಬೇಕೆಂಬುದು ನಿಯಮ. ಆದ್ದರಿಂದ ಸುಕ್ಕು ಯಾವುದಕ್ಕೂ ಸಾಕ್ಷಿಯಲ್ಲ. ಅಪ್ಪನಿಗೆ, "ಸೀಟು ಗಟ್ಟಿಯಾಯಿತು" ಎಂದಷ್ಟೇ ಹೇಳಿದೆ. ಅವರು ಸಂತೋಷಕ್ಕೆ ಇಬ್ಬರಿಗೂ ಮಸಾಲೆ ದೋಸೆ ಹೇಳಿದರು.

ಬೊಂಬಾಯಿಗೆ ಹೋಗುವ ರೈಲಿನುದ್ದಕ್ಕೂ ಲೆಕ್ಕ ಹಾಕಿದೆ. ಗೆಳತಿಯರ ಕುಚೇಷ್ಟೆಯೇ? ಟಿಕೆಟ್ಟಿನ ನಂಬರು ಅವರಾರಿಗೂ ಗೊತ್ತಿರಲಿಲ್ಲ. ಕೌಂಟರಿನವರು ತಮಾಷೆ ಮಾಡಿದರೇ? ನನ್ನ ತೋಳಿನ ನೋವು ಅವರಿಗೆ ಹೇಗೆ ಗೊತ್ತು? ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಬೇರೆ. ಅವರು ವರ್ಣಿಸಿದವಳ ಮುಖ, ಹೆಸರು, ಸೀರೆ ನನ್ನವು. ಗುಣ ನನ್ನದಲ್ಲ. ನಾನು ಯಾರೊಂದಿಗೂ ಜಗಳವಾಡಿದವಳಲ್ಲ, ಯಾವ ಮ್ಯಾನೇಜರನ್ನೂ ನಗಿಸಿದವಳಲ್ಲ.

ಶಿಬಿರ ಚೆನ್ನಾಗಿ ನಡೆಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ. ಹಿಂತಿರುಗುವಾಗ ನಡೆದದ್ದನ್ನು ಮಾತ್ರ ಹೇಳಬೇಕು. ಅಲ್ಲಿಯ ವಿಮಾನ ನಿಲ್ದಾಣದಲ್ಲಿ ನಮ್ಮಲ್ಲಿ ಕೆಲವರನ್ನು ತಡೆದು, ವಿಮಾನ ತುಂಬಿದೆ, ನಾಡಿದ್ದು ಬನ್ನಿ ಎಂದರು. ನನ್ನ ಪಕ್ಕದಲ್ಲಿ ಭಾಷೆ ಬಾರದ ವಯಸ್ಸಾದ ಗುಜರಾತಿ ದಂಪತಿ ಏನೆಂದು ತಿಳಿಯದೆ ನಿಂತಿದ್ದರು. ಎಲ್ಲರೂ ಪೆಟ್ಟಿಗೆ ಎತ್ತಿಕೊಳ್ಳತೊಡಗಿದರು. ಆಗ ಯಾರೋ ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಮಾತಾಡುವುದು ಕೇಳಿಸಿತು. ನಾವು ಸೀಟು ಗಟ್ಟಿ ಮಾಡಿಸಿಕೊಂಡವರು, ಬಿಟ್ಟುಹೋಗುವುದಾದರೆ ಹೋಟೆಲು, ಊಟ, ಮನೆಗೆ ತಂತಿ ನಿಮ್ಮ ಖರ್ಚು. ನಾಡಿದ್ದಿನ ಸೀಟನ್ನು ಈಗಲೇ ಗಟ್ಟಿ ಮಾಡಿ ಕೊಡಿ, ಆಗದಿದ್ದರೆ ಬೇರೆ ಕಂಪನಿಯ ವಿಮಾನ ಹತ್ತಿಸಿ. ಮಾತಾಡುತ್ತಿದ್ದವಳು ನಾನು.

ಇದಾವುದನ್ನೂ ನಾನು ಎಲ್ಲೂ ಓದಿರಲಿಲ್ಲ. ನನಗೆ ಯಾರೂ ಹೇಳಿರಲಿಲ್ಲ. ಕೌಂಟರಿನವನು ಮೊದಲು ಆಗದೆಂದ, ಆಮೇಲೆ ಒಳಗೆ ಹೋಗಿ ಬಂದ, ಕೊನೆಗೆ ನಕ್ಕು ಎಲ್ಲರಿಗೂ ಹೋಟೆಲಿನ ಚೀಟಿ ಕೊಟ್ಟ. ಗುಜರಾತಿ ಅಜ್ಜಿ ನನ್ನ ಕೆನ್ನೆ ಸವರಿದರು. ಆಗಲೇ ಗಮನಿಸಿದ್ದು: ನನ್ನ ಬಲಗೈ ನನ್ನ ಎಡತೋಳನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಸೂಜಿಯ ಊತ ಇಳಿದು ತಿಂಗಳಾಗಿತ್ತು.

ಮನೆ ಸೇರಿದ ಮೇಲೆ ಅಜ್ಜಿಗೆ ಎಲ್ಲವನ್ನೂ ಹೇಳಿದೆ. ಅವರು ಬೆರಗಾಗುತ್ತಾರೆಂದು ಕಾದೆ. ಅವರು ಹುಣಸೆಹಣ್ಣಿನ ಬೀಜ ಬಿಡಿಸುವುದನ್ನೇ ನಿಲ್ಲಿಸಲಿಲ್ಲ.

"ಅದ್ರಾಗೇನೈತೆ? ಬುಧವಾರನೇ ನಿನ್ ಪರಸ್ತಾನ ಆಯ್ತಲ್ಲ, ನೀನು ಹೋಗ್ಬುಟ್ಟೆ, ಹೋದೋಳು ಕೆಲ್ಸ ಮುಗಿಸ್ಕಂಡೆ" ಎಂದರು. ಆಮೇಲೆ ತಲೆಯೆತ್ತಿ ನನ್ನ ಮುಖ ನೋಡಿದರು. "ನನಗೆ ಅರ್ಥವಾಗ್ದಿರೋದು ಒಂದೇ ಕಣಮ್ಮ. ಗುರುವಾರ ಇಡೀ ದಿನ ಇಲ್ಲಿ ಒದ್ದೆಬಟ್ಟೆ ಹಾಕಿಸ್ಕಂಡು ಮಲಗಿದ್ದೋಳು ಯಾರು?"

ನಾನು ಅವರ ಪಕ್ಕದಲ್ಲಿ ಕೂತು ಬೀಜ ಬಿಡಿಸತೊಡಗಿದೆ.